ಎರಡನೆಯ ಕೂಗಿಗೆ ಮೊದಲು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಅಂಗಾಂಶ ಪರೀಕ್ಷೆಯ ಕೋಣೆಯೆಂಬ ಪುಟ್ಟ ಸಾಮ್ರಾಜ್ಯವನ್ನು ಬಹುಕಾಲದಿಂದ ಆಳುತ್ತಿರುವ ತಂತ್ರಜ್ಞೆಗೆ ಎದುರಿಗೆ ಎಲ್ಲರೂ ಅಕ್ಕ ಎನ್ನುತ್ತಾರೆ. ಬೆನ್ನ ಹಿಂದೆ ಬುಗುರಿ ಎನ್ನುತ್ತಾರೆ. ಎರಡೂ ಅವಳಿಗೆ ಗೊತ್ತು. ಎರಡನೆಯದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇದೆ. ಎಂಟನೇ ತಿಂಗಳಿಗೇ ಭೂಮಿಗೆ ಧುಮುಕಿದವಳು ಅವಳು. "ಒಳಗೆ ಬೆಚ್ಚಗೆ ಬಿದ್ದಿರೋಕೆ ಇವಳಿಗೇನು ಧಾಡಿಯಾಗಿತ್ತೋ" ಎಂದು ಅವಳ ತಾಯಿ ಕೊನೆಯವರೆಗೂ ಬಂದವರಿಗೆಲ್ಲ ದೂರು ಹೇಳುತ್ತಿದ್ದರು.

ಇಂಥವಳ ಹಣೆಯಲ್ಲಿ ಬರೆದದ್ದು ಮಾತ್ರ ಕಾಯುವ ಕೆಲಸ. ರೋಗಿಯ ಮೈಯಿಂದ ತೆಗೆದ ಚೂರನ್ನು ಮೇಣದೊಳಗೆ ಕೂರಿಸಿ, ಈರುಳ್ಳಿ ಪೊರೆಯೂ ನಾಚುವಷ್ಟು ತೆಳ್ಳಗೆ ಹೆರೆದು, ಗಾಜಿನ ಪಟ್ಟಿಗೆ ಅಂಟಿಸಿ, ಅದರ ಮೇಲೆ ಆ್ಯಂಟಿಬಾಡಿ ಹನಿಸಬೇಕು. ಆ್ಯಂಟಿಬಾಡಿ ಎಂದರೆ ಮದುವೆಮನೆಗೆ ಬಂದ ಸೋದರತ್ತೆ ಇದ್ದಂತೆ. ನೂರಾರು ಜನರ ನಡುವೆ ತನಗೆ ಬೇಕಾದ ಒಬ್ಬನನ್ನೇ ಪತ್ತೆಹಚ್ಚಿ, ತೋಳು ಹಿಡಿದು, ಎಷ್ಟು ತೊಳೆದರೂ ಬಿಡದೆ ನಿಲ್ಲುತ್ತಾಳೆ. ಆಮೇಲೆ ಎರಡನೆಯ ಅತ್ತೆಯೊಬ್ಬಳು ಬಂದು ಮೊದಲನೆಯವಳ ಬೆನ್ನಿಗೆ ಅಂಟುತ್ತಾಳೆ. ಕಂದು ಬಣ್ಣ ಹುಟ್ಟಿಸುವ ಸರಂಜಾಮು ಇರುವುದು ಇವಳ ಕೈಯಲ್ಲಿ. ನರಕೋಶದ ಪ್ರೋಟೀನನ್ನು ಹುಡುಕುವ ಅತ್ತೆಯನ್ನು ಬಿಟ್ಟರೆ, ನರಕೋಶ ಇದ್ದಲ್ಲೆಲ್ಲ ಕಂದು ಮೂಡುತ್ತದೆ. ನರಕೋಶವೇ ಇಲ್ಲದಿದ್ದರೆ ಅತ್ತೆಯರಿಬ್ಬರೂ ಬರಿಗೈಲಿ ವಾಪಸು.

ಆದರೆ ಒಂದು ತೊಡಕಿದೆ. ಕೆಡದಿರಲೆಂದು ಚೂರನ್ನು ಮೊದಲು ಫಾರ್ಮಲಿನ್‌ನಲ್ಲಿ ಮುಳುಗಿಸುತ್ತಾರಲ್ಲ, ಅದು ಪ್ರೋಟೀನುಗಳನ್ನೆಲ್ಲ ಹೆಡೆಮುರಿ ಕಟ್ಟಿಬಿಡುತ್ತದೆ. ಅತ್ತೆಗೆ ಹಿಡಿಯಲು ತೋಳೇ ಸಿಗುವುದಿಲ್ಲ. ಆ ಕಟ್ಟು ಸಡಿಲಿಸಲು ಗಾಜನ್ನು ದ್ರಾವಣದಲ್ಲಿ ಮುಳುಗಿಸಿ ಕುಕ್ಕರಿನಲ್ಲಿ ಬೇಯಿಸಬೇಕು. ಹೌದು, ಅಡುಗೆಮನೆಯ ಕುಕ್ಕರೇ. ಎರಡು ಕೂಗು ಕೂಗಿಸಿ, ಇಳಿಸಿ, ತಾನಾಗಿ ತಣಿಯುವವರೆಗೆ ಮುಟ್ಟದೆ ಬಿಡಬೇಕು.

ಮುಟ್ಟದೆ ಬಿಡುವುದು! ಬುಗುರಿಗೆ! ಮನೆಯಲ್ಲಿ ಅವಳು ಕುಕ್ಕರಿನ ತಲೆಯ ಮೇಲಿನ ಗುಂಡನ್ನು ಸೌಟಿನಿಂದ ಎತ್ತಿ ಬುಸ್ಸೆಂದು ಹಬೆ ಬಿಟ್ಟು ನೋಡುವವಳು. "ಅಮ್ಮಾ, ಅದು ಕೂಗೋ ತನಕ ಬಿಡು, ನಿನ್ನ ಥರ ಎಂಟನೇ ತಿಂಗಳಿಗೆ ಬರೋದಿಲ್ಲ" ಎಂದು ಮಗಳು ಹಂಗಿಸಿದರೆ, ಗ್ರಂಥಾಲಯದಲ್ಲಿ ಗುಮಾಸ್ತನಾಗಿರುವ ಗಂಡ ಅರೆಬೆಂದದ್ದನ್ನೇ ಅಗಿಯುತ್ತ, "ಹಲ್ಲಿಗೆ ಒಳ್ಳೇದು" ಎನ್ನುತ್ತಾನೆ. ಆ ಮನುಷ್ಯ ಸಿಟ್ಟಾದದ್ದನ್ನು ಕಂಡವರಿಲ್ಲ.

ಇದೇ ಗಂಡ, ಹಾಗೆ ನೋಡಿದರೆ, ಹೆಂಡತಿಯ ಜೊತೆ ಕೆಲಸಕ್ಕೂ ಬರುತ್ತಾನೆ. ಹಿಂದೊಮ್ಮೆ ಇದೇ ಆಸ್ಪತ್ರೆಯಲ್ಲಿ ಅವನ ಅಪೆಂಡಿಕ್ಸ್ ತೆಗೆದಿದ್ದರು. ಉಳಿದ ಚೂರನ್ನು ಪರೀಕ್ಷೆಗೆ ಬಳಸಬಹುದೇ ಎಂದು ಕೇಳಿದಾಗ, "ತಗೊಳ್ಳಿ, ನನಗೇನು ಇನ್ನೊಂದು ಸಲ ಬೇಕಾಗೋದಿಲ್ಲ" ಎಂದು ಸಹಿ ಹಾಕಿದ್ದ. ಅಪೆಂಡಿಕ್ಸಿನಲ್ಲಿ ನರಕೋಶಗಳು ಧಾರಾಳ. ಹಾಗಾಗಿ ರೋಗಿಯ ಚೂರಿನ ಪಕ್ಕದಲ್ಲೇ, ಅದೇ ಗಾಜಿನ ಮೇಲೆ, ಗಂಡನ ಒಂದು ಹೆರೆತವನ್ನೂ ಸಾಕ್ಷಿಗೆ ಕೂರಿಸುತ್ತಾಳೆ. ಗಂಡ ಕಂದಾದರೆ ಪರೀಕ್ಷೆ ನೆಟ್ಟಗೆ ನಡೆದಿದೆ ಎಂದರ್ಥ. "ಹೇಳಿದ ಹಾಗೆ ಕೇಳೋದು ಅವರಲ್ಲಿ ಅದೊಂದೇ ಭಾಗ" ಎಂದು ಬುಗುರಿ ಸಹೋದ್ಯೋಗಿಗಳ ಮುಂದೆ ಹೇಳುವುದುಂಟು.

ಆ ದಿನ ಬಂದದ್ದು ಒಂದು ಹಸುಗೂಸಿನ ಕರುಳಿನ ಚೂರು. ಹುಟ್ಟಿದಾಗಿನಿಂದ ಮಗುವಿಗೆ ಸರಿಯಾಗಿ ಮಲ ಹೋಗಿಲ್ಲ. ಹೊಟ್ಟೆ ತಮಟೆಯಂತೆ ಬಿಗಿದಿದೆ. ಕೆಲವು ಮಕ್ಕಳಿಗೆ ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇರುವುದಿಲ್ಲ, ಅದು ಮುಂದಕ್ಕೆ ತಳ್ಳುವುದನ್ನೇ ಅರಿಯದು. ಹಾಗಿದ್ದರೆ ಆ ಭಾಗ ಕತ್ತರಿಸಿ ತೆಗೆಯಬೇಕು. ನರಕೋಶ ಇದ್ದರೆ ಮಗುವಿನ ಹೊಟ್ಟೆಗೆ ಚಾಕು ತಾಗಿಸುವುದೇ ತಪ್ಪು. ಕಡ್ಡಿತುದಿಯಷ್ಟು ಚೂರು, ಹೆರೆದಾಗ ಸಿಕ್ಕದ್ದು ಎರಡೇ ಗಾಜು.

ಶಸ್ತ್ರವೈದ್ಯರ ಫೋನು ನಿಲ್ಲಲೊಲ್ಲದು. "ಅಕ್ಕಾ, ಆಯ್ತಾ?"

"ಕುಕ್ಕರ್ ಇಟ್ಟಿದ್ದೀನಿ ಸಾರ್."

"ಇಟ್ಟು ಎಷ್ಟೊತ್ತಾಯ್ತು?"

"ನೀವು ಹೋದ ಸಲ ಫೋನ್ ಇಟ್ಟಾಗ ನಾನು ಇದನ್ನಿಟ್ಟೆ."

ಕುಕ್ಕರ್ ಒಮ್ಮೆ ಕೂಗಿತು. ಫೋನು ಮತ್ತೆ ಕೂಗಿತು. ಎರಡನೆಯ ಕೂಗು ಕುಕ್ಕರಿನದೋ ಫೋನಿನದೋ ಎಂದು ವಿಚಾರಿಸುವ ವ್ಯವಧಾನ ಯಾರಿಗಿದೆ? ಬುಗುರಿ ಸೆರಗು ಬಿಗಿದು, ರಣರಂಗಕ್ಕೆ ಇಳಿದವಳಂತೆ ಕುಕ್ಕರ್ ಇಳಿಸಿ, ನಲ್ಲಿಯ ಕೆಳಗೆ ಹಿಡಿದು ತಣಿಸಿ, ಗಾಜನ್ನು ಹೊರಗೆಳೆದಳು. ಅತ್ತೆಯರು ಬಂದರು, ಹೋದರು.

ವರದಿ ಬರೆಯುವ ಡಾಕ್ಟರಮ್ಮ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. "ಮಗುದು ಖಾಲಿ ಕಣ್ರೀ. ಒಂದೆಳೆ ಕಂದೂ ಇಲ್ಲ." ಗಾಜನ್ನು ಪಕ್ಕಕ್ಕೆ ಸರಿಸಿದರು. "ಅಲ್ರೀ, ಯಜಮಾನ್ರೂ ಕಾಣಿಸ್ತಿಲ್ಲವಲ್ಲ. ಎಲ್ಲಿಗೆ ಕಳಿಸಿದ್ರಿ?"

ಬುಗುರಿಯ ಮುಖ ಬಿಳಿಚಿತು. "ಅವರು ಹೇಳದೆ ಕೇಳದೆ ಹೋಗೋ ಪೈಕಿ ಅಲ್ಲ ಡಾಕ್ಟರೇ." ಕುಕ್ಕರಿನ ಕಡೆ ನೋಡಿದಳು. "ಒಂದೇ ಕೂಗಿಗೆ ಇಳಿಸಿಬಿಟ್ಟೆ."

ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಇನ್ನೊಂದು ಗಾಜಿದೆಯಲ್ಲ," ಎಂದರಷ್ಟೆ. "ಅದೂ ಹೋದ್ರೆ ಮಗುವಿಂದ ಮತ್ತೆ ಚೂರು ತೆಗೀಬೇಕು."

ಕೊನೆಯ ಗಾಜು ಕುಕ್ಕರಿನೊಳಗೆ ಇಳಿಯಿತು. ಎರಡು ಕೂಗೂ ಆದವು, ಡಾಕ್ಟರಮ್ಮನೇ ಬೆರಳು ಮಡಿಚಿ ಎಣಿಸಿದರು. ಇನ್ನು ತಣಿಯಬೇಕು. ಬಿಸಿಯಲ್ಲೇ ತೆಗೆದು ತಣ್ಣೀರು ತಾಕಿಸಿದರೆ ತೆಳ್ಳನೆಯ ಚೂರು ಗಾಜು ಬಿಟ್ಟು ತೇಲಿಹೋಗಬಹುದು. ಬುಗುರಿ ತನ್ನ ಎರಡು ಕೈಗಳನ್ನು ನೋಡಿಕೊಂಡಳು. ಜಗತ್ತಿನಲ್ಲಿ ಆ ಗಳಿಗೆಯಲ್ಲಿ ಅವಕ್ಕಿಂತ ದೊಡ್ಡ ವೈರಿ ಅವಳಿಗಿರಲಿಲ್ಲ. ಬೀಗದ ಕೈಯನ್ನು ಡಾಕ್ಟರಮ್ಮನ ಅಂಗೈಗೆ ಒತ್ತಿ, "ನನ್ನ ಹೊರಗೆ ಹಾಕಿ ಬಾಗಿಲು ಹಾಕ್ಕೊಳ್ಳಿ. ನಾನು ಅತ್ತು ಕರೆದ್ರೂ ತೆಗೀಬೇಡಿ" ಎಂದು ಹೇಳಿ ಗಡೀಪಾರಾದಳು.

ಓಣಿಯಂಥ ಹಾದಿಯಲ್ಲಿ ಆಗಲೇ ಒಬ್ಬ ಅಜ್ಜಿ, ಮಗುವಿನ ಹೊದಿಕೆ ಕಂಕುಳಲ್ಲಿ ಅವುಚಿಕೊಂಡು, ಈ ಗೋಡೆಯಿಂದ ಆ ಗೋಡೆಗೆ ಶತಪಥ ಹಾಕುತ್ತಿದ್ದರು. ಬುಗುರಿ ಆ ಗೋಡೆಯಿಂದ ಈ ಗೋಡೆಗೆ ಶುರು ಮಾಡಿದಳು. ಮೂರನೆಯ ಸಲ ಎದುರಾದಾಗ ಅಜ್ಜಿಗೆ ತಡೆಯಲಾಗಲಿಲ್ಲ.

"ನಿನ್ನದೂ ಇಲ್ಲೇನವ್ವಾ?"

"ಹ್ಞೂಂ, ನನ್ನದೂ ಇಲ್ಲೇ."

"ನನ್ನ ಮೊಮ್ಮಗಂದು ಒಳಗೇನೋ ಪರೀಕ್ಷೆ ಅಂತೆ. ಬೆಳಿಗ್ಗೆಯಿಂದ ಮಾಡ್ತಾನೇ ಇದ್ದಾರೆ. ಗೊರಕೆ ಹೊಡೀತಿರಬೇಕು ಒಳಗೆ! ನಮ್ಮ ಹಾಗೆ ಕಾಲಿಗೆ ಚಕ್ರ ಕಟ್ಟಿಕೊಂಡೋರು ಒಬ್ಬರಿದ್ದಿದ್ರೆ ಆಗಲೇ ಮುಗೀತಿತ್ತು."

ಅದೇ ಚಕ್ರದ ಕಥೆಯಜ್ಜೀ ಇದೆಲ್ಲ ಎನ್ನಬೇಕೆನಿಸಿತು ಬುಗುರಿಗೆ. ನಾಲಿಗೆ ಕಚ್ಚಿಕೊಂಡಳು. "ಆಪರೇಷನ್ ಬೇಡ ಅಂದುಬಿಟ್ರೆ ಸಾಕು" ಎಂದು ಅಜ್ಜಿ ಹೊದಿಕೆಗೆ ಹೇಳಿಕೊಂಡರು. ಆ ಮಾತು ಕೇಳಿದ ಮೇಲೆ ಬುಗುರಿಯ ಸುತ್ತಾಟ ಇನ್ನೂ ಜೋರಾಯಿತು.

ಬಾಗಿಲು ತೆರೆದಾಗ ಚೂರು ಗಾಜಿನ ಮೇಲೆಯೇ ಇತ್ತು. ಅತ್ತೆಯರು ಮತ್ತೊಮ್ಮೆ ಬಂದರು. ಈ ಸಲ ಅವರಿಗೆ ಬೇಕಾದಷ್ಟು ಹೊತ್ತು ಕೊಟ್ಟರು. ಕೊನೆಗೆ ಡಾಕ್ಟರಮ್ಮ ಕಣ್ಣು ಕಿರಿದಾಗಿಸಿ ನೋಡಿದರು. ಗಂಡ ಕಾಫಿ ಬಣ್ಣದಲ್ಲಿ, ಎಳೆ ಎಳೆಯಾಗಿ, ಭರ್ಜರಿಯಾಗಿ ಹಾಜರಿದ್ದ. ಮಗುವಿನ ಚೂರು ಮಾತ್ರ ಖಾಲಿ. ಅಂಚಿನಿಂದ ಅಂಚಿಗೆ ಹುಡುಕಿದರು, ಬುಗುರಿಯನ್ನೂ ಕೂರಿಸಿ ತೋರಿಸಿದರು. ಖಾಲಿಯೇ.

ವರದಿ ಒಯ್ಯಲು ಶಸ್ತ್ರವೈದ್ಯರೇ ಇಳಿದು ಬಂದರು. "ಬೆಳಿಗ್ಗೆನೂ ಖಾಲಿ ಅಂದ್ರಂತೆ, ಈಗಲೂ ಖಾಲಿ. ಇದಕ್ಕೆ ಇಷ್ಟು ಹೊತ್ತಾ ಅಕ್ಕಾ?"

"ಬೆಳಿಗ್ಗೆದು ನನ್ನ ಖಾಲಿ ಸಾರ್. ಇದು ಮಗುದು."

ಅವರು ತಲೆಯಾಡಿಸಿ, ವರದಿ ಹಿಡಿದು ಮೆಟ್ಟಿಲು ಹತ್ತಿದರು.

ಬುಗುರಿಯೂ ಹಿಂದೆಯೇ ಹತ್ತಿದಳು. ಆಪರೇಷನ್ ಥಿಯೇಟರಿನ ಬಾಗಿಲ ಬಳಿ ಅಜ್ಜಿಗೆ ಸುದ್ದಿ ತಲುಪಿಯಾಗಿತ್ತು. ಅವಳ ಬಿಳಿ ಕೋಟು ಈಗಷ್ಟೇ ಕಣ್ಣಿಗೆ ಬಿದ್ದವರಂತೆ, ಅಜ್ಜಿ ಅವಳ ತೋಳು ಹಿಡಿದರು. "ಕೊಯ್ಯಲೇಬೇಕಂತೆ. ನೀನು ಒಳಗಿನವಳೇನೇ? ಹೇಳು, ಖಂಡಿತಾನಾ? ತಪ್ಪಿಲ್ಲ ತಾನೆ?"

"ಖಂಡಿತ ಅಜ್ಜಿ. ಮೊದಲ ಸಲ ನಾನು ಕೆಡಿಸಿದೆ. ಎರಡನೇ ಸಲ ಸರಿಯಾಗಿ ನೋಡಿದ್ವಿ. ಆ ಭಾಗದಲ್ಲಿ ನರ ಇಲ್ಲ. ಅದನ್ನ ತೆಗೆದರೆ ಮಗು ಸರಿಹೋಗುತ್ತೆ ಅಂತಾರೆ ಡಾಕ್ಟರು."

ಅಜ್ಜಿ ಅವಳ ತೋಳು ಬಿಟ್ಟರು. ಆಮೇಲೆ ಹೊದಿಕೆ ಕೊಡವಿ, "ಹಾಗಾದ್ರೆ ಇನ್ನೂ ಏನು ನೋಡ್ತಿದ್ದಾರೆ? ಬೇಗ ಬೇಗ ಮಾಡಿ ಅನ್ನೇ ಅವರಿಗೆ!" ಎಂದು ಗದರಿದರು.

"ಬೇಡಜ್ಜಿ," ಎಂದಳು ಬುಗುರಿ. "ನಿಧಾನವಾಗೇ ಮಾಡ್ಲಿ."

ಹೇಳಿದವಳೇ ಥಿಯೇಟರಿನ ಬಾಗಿಲ ಗಾಜಿಗೆ ಮೂಗು ಒತ್ತಿದಳು. ಪಕ್ಕದಲ್ಲಿ ಜಾಗ ಮಾಡಿಕೊಂಡು ಅಜ್ಜಿಯೂ ಒತ್ತಿದರು.