ತೊಡೆಯಿಂದ ತಲೆಗೆ

ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ಮಾರುಕಟ್ಟೆಯಲ್ಲಿ ಲಿಂಬೆಹಣ್ಣು ಆರಿಸುವ ಹಜರಾಬಿ ಯಾರ ಮಾತನ್ನೂ ಒಂದೇ ಸಲಕ್ಕೆ ನಂಬಿದವಳಲ್ಲ. ಬಸ್ಸು ಎಲ್ಲಿಗೆ ಹೋಗುತ್ತದೆಂದು ಕಂಡಕ್ಟರ್ ಹೇಳಿದರೂ ಒಳಗೆ ಕುಳಿತವರನ್ನು ಮತ್ತೊಮ್ಮೆ ಕೇಳಿಯೇ ಹತ್ತುವಳು. ಜನ ನಗುತ್ತಿದ್ದರು. ಆದರೆ ಡಾಕ್ಟರರ ಮೇಲಿನ ಅವಳ ಸಂಶಯ ನಗುವಂಥದ್ದಲ್ಲ. ಮೂವತ್ತು ತುಂಬುವ ಮೊದಲೇ, ಹೊಟ್ಟೆನೋವೆಂದು ಹೋದವಳ ಗರ್ಭಕೋಶವನ್ನು ಒಬ್ಬ ಡಾಕ್ಟರು ತೆಗೆದುಹಾಕಿದ್ದ. "ಸಣ್ಣ ಕೆಲಸ, ಏನೂ ಆಗೂದಿಲ್ಲ" ಎಂದಿದ್ದ. ನೋವು ಮಾತ್ರ ಹೋಗಲಿಲ್ಲ. ತೆಗೆಯುವ ಅಗತ್ಯವೇ ಇರಲಿಲ್ಲವೆಂದು ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು.

ಮಗಳು ಮುಬೀನಾಳನ್ನು ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಗೆ ಕೊಟ್ಟಿದ್ದಳು. ಅಳಿಯ ಅಶ್ಫಾಕ ಟೆಂಪೊ ಓಡಿಸುತ್ತಿದ್ದ. ಅವರ ಮಗಳು ಜಾಸ್ಮಿನ ನಾಲ್ಕನೇ ಇಯತ್ತೆಯಲ್ಲಿದ್ದಳು. ಒಂದು ದಿನ ಶಾಲೆಯ ಅಂಗಳದಲ್ಲಿ ಆಡುತ್ತಿದ್ದ ಹುಡುಗಿ ತಲೆ ಹಿಡಿದುಕೊಂಡು ಕುಳಿತಳು, ವಾಂತಿ ಮಾಡಿಕೊಂಡಳು, ಅಲ್ಲೇ ಎಚ್ಚರ ತಪ್ಪಿದಳು. ವಿಜಯಪುರದಲ್ಲಿ ಸ್ಕ್ಯಾನ್ ಮಾಡಿದಾಗ ಮೆದುಳಿನಲ್ಲಿ ರಕ್ತ ಸೋರಿದ್ದು ಕಂಡಿತು. ಅಲ್ಲಿಂದಲೇ ಅಂಬುಲೆನ್ಸ್‌ನಲ್ಲಿ ಸೊಲ್ಲಾಪುರಕ್ಕೆ ಕಳಿಸಿದರು.

ಸುದ್ದಿ ತಿಳಿದು ಆಸ್ಪತ್ರೆಗೆ ಓಡಿಬಂದ ಹಜರಾಬಿ ಮೊಮ್ಮಗಳನ್ನು ನೋಡಿದಳು. ಎಚ್ಚರ ಬಂದಿತ್ತು, ಆದರೆ ಬಲಗೈ ಎತ್ತಲು ಆಗುತ್ತಿರಲಿಲ್ಲ. ಹಜರಾಬಿ ಅಳಲಿಲ್ಲ. ಮಗಳನ್ನು ಮೂಲೆಗೆ ಕರೆದು ಕೇಳಿದಳು.

"ಸಾಲ್ಯಾಗ ಯಾರರ ಹೊಡದಾರೇನು? ಖರೇ ಹೇಳು."

"ಯಾರೂ ಹೊಡದಿಲ್ಲ ಅಮ್ಮಾ."

"ಹಂಗಾರ ಮನ್ಯಾಗ?"

ಅಶ್ಫಾಕನಿಗೆ ಇದು ಕೇಳಿಸಿತು. ಅವನು ಎದ್ದು ಹೊರಗೆ ಹೋದ. ಎರಡು ದಿನ ಅತ್ತೆಯ ಜೊತೆ ಮಾತಾಡಲಿಲ್ಲ.

ಜಾಸ್ಮಿನಳನ್ನು ನೋಡುತ್ತಿದ್ದ ಡಾಕ್ಟರ್ ಸುನಂದಾ ಮುದ್ದೇಬಿಹಾಳದ ಕಡೆಯವರು. ಅವರು ಹಜರಾಬಿಯನ್ನು ಕೂರಿಸಿಕೊಂಡು ಹೇಳಿದರು: "ಇದು ಹುಟ್ಟಿದಾಗಿಂದ ಇದ್ದದ್ದು ಆಯಿ. ಮೆದುಳಿನ್ಯಾಗ ರಕ್ತನಾಳ ಒಂದಕ್ಕೊಂದು ಸಿಕ್ಕಾಗಿ ಗಂಟಾಗ್ಯಾವು. ಅದರಾಗ ಒಂದು ಒಡದೈತಿ. ತಲಿ ತೆರೆಯೂದು ಬ್ಯಾಡ. ತೊಡಿ ಸಂದಿನ ರಕ್ತನಾಳದಾಗ ಶಾವಿಗಿಯಂಥ ಪೈಪ ಹಾಕಿ, ಎಕ್ಸರೇದಾಗ ನೋಡ್ಕೋತ ಮ್ಯಾಲ ಒಯ್ದು, ಆ ಗಂಟಿನ್ಯಾಗ ಅಂಟು ತುಂಬಿ ಮುಚ್ಚತೇವಿ."

"ತಲ್ಯಾಗಿನ ರೋಗಕ್ಕ ತೊಡಿ ಯಾಕ ಚುಚ್ಚತೀರಿ?" ಎಂದಳು ಹಜರಾಬಿ. "ಕೂಸಿನ ಮ್ಯಾಲ ಏನರ ಕಲಿಯಾಕತ್ತೀರೇನು?"

ಮುಬೀನಾ ನಾಚಿಕೆಯಿಂದ ತಲೆ ತಗ್ಗಿಸಿದಳು. ಡಾಕ್ಟರ್ ಸಿಟ್ಟಾಗಲಿಲ್ಲ. ಹುಡುಗಿ ಇನ್ನಷ್ಟು ಚೇತರಿಸಿಕೊಳ್ಳುವವರೆಗೆ ಹೇಗೂ ಕಾಯಬೇಕು, ಬೇಕಾದರೆ ಬೇರೆಯವರಿಗೂ ತೋರಿಸಿ ಎಂದು ಸ್ಕ್ಯಾನಿನ ಸಿ.ಡಿ. ಕೊಟ್ಟರು.

ಹಜರಾಬಿ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ವಿಜಯಪುರದ ಬಸ್ಸು ಹತ್ತಿದಳು. ಅಲ್ಲಿ ಮೆದುಳಿನ ಡಾಕ್ಟರೊಬ್ಬರು ಚಿತ್ರಗಳನ್ನು ನೋಡಿ, ಗಂಟು ಆಳದಲ್ಲಿದೆ, ತಲೆ ತೆರೆಯುವುದಕ್ಕಿಂತ ತೊಡೆಯ ದಾರಿಯೇ ವಾಸಿ ಎಂದರು. ಅದೇ ಮಾತು! ಅವಳ ಸಂಶಯ ಇನ್ನೂ ಹೆಚ್ಚಾಯಿತು. ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡಿದ್ದಾರೆ ಎಂದುಕೊಂಡೇ ಸೊಲ್ಲಾಪುರಕ್ಕೆ ಮರಳಿದಳು.

ನೇರವಾಗಿ ಸುನಂದಾ ಅವರ ಮುಂದೆ ನಿಂತಳು. "ಏನೂ ಆಗೂದಿಲ್ಲ ಅಂತ ಹೇಳ್ರಿ, ನೋಡೋಣು."

"ಹಂಗ ಹೇಳಾಕ ಬರೂದಿಲ್ಲ ಆಯಿ. ಮಾಡೂವಾಗ ಮತ್ತ ರಕ್ತ ಬರಬಹುದು. ಕೈ ಪೂರಾ ಹೋಗಬಹುದು. ಜೀವಕ್ಕೂ ಅಂಜಿಕಿ ಐತಿ. ಬಿಟ್ಟರ ಅದು ಮತ್ತ ಯಾವಾಗ ಒಡೀತೈತೋ ಗೊತ್ತಿಲ್ಲ. ಅದಕ್ಕ ಮಾಡೋಣು ಅನ್ನಾಕತ್ತೇನಿ."

ಅಪಾಯವನ್ನು ಬಾಯಿಬಿಟ್ಟು ಹೇಳಿದ ಡಾಕ್ಟರನ್ನು ಹಜರಾಬಿ ಕಂಡದ್ದು ಅದೇ ಮೊದಲು. ಹೊರಗೆ ಬಂದು ಅಳಿಯನ ಪಕ್ಕದಲ್ಲಿ ಕುಳಿತು, "ಮಾಡಲಿ ಬಿಡಪಾ," ಎಂದಳು. ಆಮೇಲೆ, "ನಿನ್ನ ಮ್ಯಾಲ ಅನಮಾನ ಪಟ್ಟದ್ದು ತಪ್ಪಾತು," ಎಂದೂ ಅಂದಳು. ಅಶ್ಫಾಕ ಕಣ್ಣೊರೆಸಿಕೊಂಡ.

ಗೊತ್ತುಮಾಡಿದ ದಿನ ಮಧ್ಯಾಹ್ನ ಒಳಗೆ ಕರೆದುಕೊಂಡು ಹೋದ ಹುಡುಗಿಯನ್ನು ಸಂಜೆ ಹೊರಗೆ ತಂದರು. ಹಜರಾಬಿ ಮೊದಲು ಮಾಡಿದ ಕೆಲಸವೆಂದರೆ ಮೊಮ್ಮಗಳ ಕೂದಲು ಬಿಡಿಸಿ ನೆತ್ತಿ, ಹಿಂದಲೆ, ಕಿವಿಯ ಹಿಂದೆ ಎಲ್ಲ ಹುಡುಕಿದ್ದು. ಒಂದು ಗಾಯವೂ ಇಲ್ಲ.

"ಏನೂ ಮಾಡೇ ಇಲ್ಲ ಇವರು!"

ನರ್ಸು ಹೊದಿಕೆ ಸರಿಸಿ ತೊಡೆಯ ಸಂದಿನ ಪುಟ್ಟ ಪಟ್ಟಿ ತೋರಿಸಿದಳು. ರಕ್ತ ಸೋರದಂತೆ ಕಾಲು ಮಡಚದೆ ಮಲಗಿಸಬೇಕೆಂದಳು. ಹಜರಾಬಿ ಮೊಮ್ಮಗಳ ಪಾದದ ಬೆರಳುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದ ಮೇಲೆಯೇ ಸುಮ್ಮನಾದಳು.

ಗಂಟು ಒಂದೇ ಸಲಕ್ಕೆ ಪೂರ್ತಿ ಮುಚ್ಚಿರಲಿಲ್ಲ. ಕೆಲವು ತಿಂಗಳ ನಂತರ ಮತ್ತೊಮ್ಮೆ ಅದೇ ದಾರಿಯಲ್ಲಿ ಅಂಟು ತುಂಬಿದರು. ಆಗಲೂ ಹಜರಾಬಿ ಚಿತ್ರಗಳನ್ನು ಹಿಂದಿನವುಗಳ ಪಕ್ಕದಲ್ಲಿಟ್ಟು ತೋರಿಸಿರೆಂದು ಹಟ ಹಿಡಿದಳು. ರಜೆಯಲ್ಲಿ ಹುಡುಗಿಯನ್ನು ಇಂಡಿಗೆ ಕರೆಸಿಕೊಂಡು, ಬಲಗೈಗೆ ಲಿಂಬೆಹಣ್ಣು ಕೊಟ್ಟು ದಿನಾ ಹಿಚುಕಿಸಿದಳು. ಮರುವರ್ಷದ ತಪಾಸಣೆಯಲ್ಲಿ ಗಂಟು ಎಲ್ಲೂ ಕಾಣಲಿಲ್ಲ.

ಜಾಸ್ಮಿನ ಈಗ ಆರನೇ ಇಯತ್ತೆ. ಅಕ್ಷರಗಳು ಸೊಟ್ಟಗಾಗುತ್ತವೆ, ಆದರೂ ಬಲಗೈಯಲ್ಲೇ ಬರೆಯುತ್ತಾಳೆ. ಬೆಳಿಗ್ಗೆ ಇಂಡಿಯಿಂದ ಕನ್ನೊಳ್ಳಿಗೆ ಫೋನು ಬರುತ್ತದೆ. ಎಲ್ಲ ಆರಾಮ ಐತಿ ಎಂದು ಮುಬೀನಾ ಹೇಳಿದರೆ ಹಜರಾಬಿ ಒಪ್ಪುವುದಿಲ್ಲ.

"ನಿನ್ನ ಮಾತು ಬ್ಯಾಡ. ಹುಡಿಗಿ ಕೈಯಾಗ ಕೊಡು."

"ನಾನೀ, ನಾ ಸಾಲಿಗೆ ಹೊಂಟೇನಿ," ಎಂದು ಜಾಸ್ಮಿನ ಅಜ್ಜಿಗೆ ಕೇಳುವಂತೆ ಕೂಗುತ್ತಾಳೆ. ಆಮೇಲೆಯೇ ಹಜರಾಬಿ ಮಾರುಕಟ್ಟೆಗೆ ಹೊರಡುವುದು.