ಕಸದೊಳಗಿನ ಕರೆಂಟು

ಆ ಎಂಜಿನಿಯರ್ ಸಾಹೇಬರು ಈಗ ನಿವೃತ್ತರಾಗಿ ಆರಾಮಾಗಿರಬಹುದು. ಇರಲಿ. ಅವರ ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಎರಡು ಸಾವಿರದ ಇಸವಿ ದಾಟಿದ ಹೊಸದು. ಕಲಬುರಗಿಯ ಕಸದಿಂದ ಗೊಬ್ಬರ ಮಾಡುವ ನಮ್ಮ ಘಟಕ ಕಮಲಾಪುರದ ದಾರಿಯಲ್ಲಿತ್ತು. ಅಲ್ಲಿನ ಕೆಂಪು ಬಾಳೆಯ ತೋಟದವರು ಗೊಬ್ಬರ ಒಯ್ಯುತ್ತಿದ್ದರು. ನನ್ನ ಕೆಲಸ ಗೇಟಿನಲ್ಲಿ. ಒಳಬರುವ ಪ್ರತಿ ಲಾರಿಗೂ ಮೀಟರ್ ಹಿಡಿದು ಒಂದು ಸುತ್ತು ಹಾಕಬೇಕು. ಕಸದಲ್ಲಿ ವಿಕಿರಣವಿದ್ದರೆ ಮೀಟರಿನ ಟಿಕ್ ಟಿಕ್ ಜೋರಾಗುತ್ತದೆ. ಕೊಳೆತ ಬದನೆಕಾಯಿಯಲ್ಲಿ ಎಂಥ ವಿಕಿರಣ ಎಂದು ನಗುವವರಿದ್ದರು. ಆದರೆ ಊರಿನ ಒಂದು ಖಾಸಗಿ ದವಾಖಾನೆಯಲ್ಲಿ ಥೈರಾಯ್ಡ್ ರೋಗಿಗಳಿಗೆ ವಿಕಿರಣದ ಔಷಧ ಕುಡಿಸುತ್ತಿದ್ದರು. ಅವರು ಬಳಸಿದ ಬಟ್ಟೆ, ಪ್ಯಾಡುಗಳನ್ನು ಅದರ ಕಸುವು ಇಳಿಯುವ ತನಕ ಬೇರೆ ಕೋಣೆಯಲ್ಲಿಡಬೇಕು. ಅಷ್ಟು ತಾಳ್ಮೆ ಯಾರಿಗಿದೆ? ಬೀದಿಯ ತೊಟ್ಟಿಗೆ ಎಸೆದು ಕೈ ತೊಳೆದುಕೊಳ್ಳುತ್ತಿದ್ದರು.

ಆ ದಿನ ಮೀಟರ್ ಒಂದೇ ಸಮನೆ ಹೊಡೆದುಕೊಳ್ಳತೊಡಗಿತು. ಲಾರಿಯನ್ನು ಬದಿಗೆ ನಿಲ್ಲಿಸಿ, ಯಾರೂ ಹತ್ತಿರ ಹೋಗಬೇಡಿ ಎಂದು ಹೇಳಿ ಘಟಕದ ಎಂಜಿನಿಯರ್ ಸಾಹೇಬರಿಗೆ ಫೋನ್ ಮಾಡಲು ಒಳಗೆ ಹೋದೆ. "ಗಾಡಿ ಇನ್ನೊಂದು ಟ್ರಿಪ್ಪಿಗೆ ಹೋಗಬೇಕಮ್ಮ, ಜಲ್ದಿ ಖಾಲಿ ಮಾಡಿಸು" ಎಂದರು. ಆಗುವುದಿಲ್ಲ ಎಂದೆ. ಬಂದು ನೋಡುತ್ತೇನೆ ಎಂದು ಗದರಿ ಫೋನಿಟ್ಟರು.

ಹೊರಗೆ ಬಂದರೆ, ಕಸ ಆರಿಸುವವಳೊಬ್ಬಳು ಲಾರಿಯಿಂದ ದವಾಖಾನೆ ಕಸದ ಹಳದಿ ಚೀಲವನ್ನು ಎಳೆದು ಹೊಟ್ಟೆಗವಚಿಕೊಂಡು ನಿಂತಿದ್ದಾಳೆ. ಐದು ತಿಂಗಳ ಬಸುರಿ. ಎಷ್ಟೋ ವರ್ಷ ಹರಕೆ ಹೊತ್ತ ಮೇಲೆ ನಿಂತ ಬಸಿರು. "ಬಿಡು ಅದನ್ನ!" ಎಂದು ಕಿರುಚಿದೆ.

ಅವಳು ನಕ್ಕಳು. "ಅಂಜಬ್ಯಾಡ್ರಿ ಯಕ್ಕಾ. ರಬ್ಬರ್ ಚಪ್ಪಲ್ ಹಾಕ್ಕೊಂಡೀನಿ, ಹೊಡಿಯಂಗಿಲ್ಲ."

ಚೀಲ ಕೆಳಗಿಡಿಸಿ, ಅವಳನ್ನು ದೂರ ಕರೆದೊಯ್ದು, ಕೈಗೆ ಸಾಬೂನು ಹಚ್ಚಿ ತೊಳೆಸುತ್ತಾ ಕೇಳಿದೆ, ಏನು ಹೊಡೆಯುವುದಿಲ್ಲ ಎಂದು. ಆಗ ತಿಳಿಯಿತು. ನಾನಿಲ್ಲದ ಒಂದು ದಿನ ಕಸ ಆರಿಸುವ ಈ ಹೆಂಗಸರು ಸಾಹೇಬರನ್ನು ಕೇಳಿದ್ದರಂತೆ, ಆ ಮೀಟರ್ ಯಾಕೆ ಕೂಗುತ್ತದೆ ಅಂತ. "ಕಸದಾಗ ಕರೆಂಟ್ ಇರ್ತದ" ಎಂದು ಹೇಳಿ ಜೀಪು ಹತ್ತಿದ್ದರಂತೆ. ಕರೆಂಟಿಗೆ ರಬ್ಬರು ಮದ್ದು ಎಂಬುದು ಯಾರಿಗೆ ಗೊತ್ತಿಲ್ಲ? ಹಿಂದಿನ ವಾರವೇ ಅವರೆಲ್ಲ ಸ್ಟೇಶನ್ ಬಜಾರಿಗೆ ಹೋಗಿ ರಬ್ಬರ್ ಚಪ್ಪಲಿ ತಂದಿದ್ದರು. ನಾನು ಫೋನಿನಲ್ಲಿ ಬೈಸಿಕೊಳ್ಳುವುದನ್ನು ಕೇಳಿ, ಪಾಪ, ಇವಳು ನನಗೆ ಸಹಾಯವಾಗಲೆಂದು ಲಾರಿಗೆ ಕೈ ಹಾಕಿದ್ದಳು.

ನಾನು ಅವಳನ್ನು ಕೂರಿಸಿ ಹೇಳಿದೆ. ಇದು ಕರೆಂಟಲ್ಲ, ಚಪ್ಪಲಿಗೆ ಬಗ್ಗುವುದಿಲ್ಲ. ಒಲೆಯ ಝಳದ ಹಾಗೆ, ಮುಟ್ಟದಿದ್ದರೂ ತಾಗುತ್ತದೆ, ಆದರೆ ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬಿಸಿಯೂ ಹತ್ತುವುದಿಲ್ಲ. ದೂರ ನಿಲ್ಲುವುದೇ ಉಪಾಯ. ಅವಳ ನಗು ಆರಿಹೋಯಿತು. ಎರಡೂ ಕೈಗಳಿಂದ ಹೊಟ್ಟೆ ಹಿಡಿದುಕೊಂಡಳು.

ಮುಂದೆ ಕೂಸು ಸುಖವಾಗಿಯೇ ಹುಟ್ಟಿತು. ಡಾಕ್ಟರು ಹೆದರಬೇಡ ಎಂದು ಮೊದಲೇ ಹೇಳಿದ್ದರೂ ಹೆರಿಗೆಯ ತನಕ ಅವಳು ಪಟ್ಟ ಸಂಕಟವನ್ನು ನಾನು ಕಂಡಿದ್ದೇನೆ. ಕೂಸು ಚೆನ್ನಾಗಿದೆಯಲ್ಲ, ಮತ್ಯಾಕೆ ಸಿಟ್ಟು ಎಂದು ಕೇಳುವವರಿಗೆ ನನ್ನ ಹತ್ತಿರ ಒಳ್ಳೆಯ ಮಾತಿಲ್ಲ.

ಆ ದಿನ ಸ್ವಲ್ಪ ಹೊತ್ತಿಗೆ ಸಾಹೇಬರ ಜೀಪು ಬಂತು. ನಡೆದದ್ದನ್ನು ಕೇಳಿ ಅವರು ನನ್ನ ಕಡೆ ತಿರುಗಿ, "ಇವರಿಗೆ ಇದೆಲ್ಲ ಎಲ್ಲಿ ತಿಳೀತದ? ಅದಕ್ಕ ಕರೆಂಟ್ ಅಂದಿದ್ದೆ" ಎಂದರು. ನನಗೆ ರೇಗಿ ಹೋಯಿತು.

ಅವಳು ಎದ್ದು ಅವರ ಎದುರು ಬಂದು ನಿಂತಳು.

"ತಿಳೀತಲ್ರೀ ಸಾಹೇಬ್ರ, ಈ ಯಕ್ಕ ಹೇಳಿದ ಕೂಡ್ಲೇ ತಿಳೀತು. ಒಲಿ ಝಳ ಇದ್ದಂಗ, ದೂರ ನಿಂದರಬೇಕು. ಇಷ್ಟು ಹೇಳಾಕ ನಿಮಗೇನಾಗಿತ್ರೀ?"