ಬಣ್ಣದ ಬೆಳಕಿನಲ್ಲಿ ಕಂಡ ವರ

ಮೊಮ್ಮಗಳ ಮದುವೆಯ ಮಾತು ಬಂದರೆ ನನಗೆ ಈಗಲೂ ಬಾಯಿ ನಿಲ್ಲುವುದಿಲ್ಲ. ಎರಡನೇ ಕ್ಲಾಸಿಗೆ ಸಾಲಿ ಬಿಟ್ಟವಳು ನಾನು. ಆದರೂ ಇದನ್ನು ಬರೆಯದೆ ಬಿಟ್ಟರೆ ಅಷ್ಟೂ ಸಂತೋಷ ಹೊಟ್ಟೆಯಲ್ಲೇ ಕೂತು ಅಜೀರ್ಣವಾದೀತು.

ಅದು ನಮ್ಮ ಕಡೆ ಮಣ್ಣಿಗೆ ಬಂಗಾರದ ಬೆಲೆ ಬಂದ ಕಾಲ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ ಅದಿರಿನ ಲಾರಿಗಳು ಒಂದರ ಬಾಲ ಒಂದು ಹಿಡಿದು ನಿಂತಿರುತ್ತಿದ್ದವು. ದಾರಿಬದಿಯ ಬೇವಿನ ಎಲೆಯೂ ಕೆಂಪು. ಹೆಣ್ಣು ಕೊಡುವವರು ಹುಡುಗನ ಗುಣ ಕೇಳುವ ಮೊದಲು ಲಾರಿ ಎಷ್ಟಿವೆ ಎಂದು ಕೇಳುತ್ತಿದ್ದರು. ನನ್ನ ಮಗನೂ ಅಂಥವನೇ. ದಲ್ಲಾಳಿ ಬಂದು, "ಹುಡುಗ ಸಂಡೂರಿನವ, ಮೈನ್ಸಿನಾಗ ಸೂಪರ್‌ವೈಜರ್" ಎಂದದ್ದೇ ತಡ, ಮಗನ ಮುಖ ಊರಗಲ ಆಯಿತು.

ನನಗೆ ಅನುಮಾನ ಬಂತು. ಯಾಕೆಂದರೆ, ಗಂಡಿನವರು ಹೆಣ್ಣು ನೋಡಲು ಮನೆಗೆ ಬರುವುದಿಲ್ಲವಂತೆ. ಹಂಪಿಯಲ್ಲಿ ಹಳೆಯ ಕಟ್ಟಡಗಳ ಮೇಲೆ ಬಣ್ಣದ ಬೆಳಕು ಬಿಡುವ ಉತ್ಸವ ನಡೆದಿದೆ, ಎರಡೂ ಮನೆಯವರು ಅಲ್ಲಿಯೇ ಸೇರುವುದಂತೆ. ನಮ್ಮಲ್ಲಿ ಗಂಡಿನವರು ಹಗಲೊತ್ತಿನಲ್ಲಿ ಬಂದು, ಚಾಪೆಯ ಮೇಲೆ ಕೂತು, ಮಂಡಾಳು ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಿನ್ನಬೇಕು. ಅವರು ಹೆಣ್ಣನ್ನು ನೋಡುವಾಗ ನಾವು ಅವರು ತಿನ್ನುವುದನ್ನು ನೋಡುತ್ತೇವೆ. ತಟ್ಟೆಯ ಮುಂದೆ ಮನುಷ್ಯ ಬಹಳ ಹೊತ್ತು ನಾಟಕ ಆಡಲಾರ.

"ಕತ್ತಲಾಗ ಯಾಕ ಕರೀತಾರ? ಹುಡುಗಂದು ಮೆಳ್ಳಗಣ್ಣೇನು?" ಎಂದೆ.

"ಕತ್ತಲಲ್ಲಜ್ಜಿ, ಬೆಳಕಿನ ಹಬ್ಬ ಅದು," ಎಂದಳು ಮೊಮ್ಮಗಳು. ಹೊಸಪೇಟೆಯ ಒಂದು ಸಾಲೆಯಲ್ಲಿ ಟೀಚರ್ ಆಗಿದ್ದಳು ಅವಳು. ನನ್ನ ಜೊತೆಯೂ ಮಕ್ಕಳಿಗೆ ಹೇಳಿದ ಹಾಗೆಯೇ ಮಾತು.

"ಬೆಳಕು ಬೇಕಂದ್ರ ಸೂರ್ಯ ಸತ್ತಾನೇನು?"

ಹೋದೆವು. ಆನೆ ಲಾಯದ ಮುಂದಿನ ಬಯಲಿನಲ್ಲಿ ಜನವೋ ಜನ. ಹೊತ್ತು ಮುಳುಗಿದ ಮೇಲೆ ಗುಮ್ಮಟಗಳ ಮೇಲೆ ಬೆಳಕು ಬಿದ್ದಿತು. ಸುಳ್ಳು ಹೇಳಲಾರೆ, ಒಂದು ಗಳಿಗೆ ನಾನೂ ಬಾಯಿ ತೆರೆದೆ. ಕಲ್ಲಿನ ಗೋಡೆಯ ಮೇಲೆ ಬೆಳಕಿನ ಆನೆಗಳು ಒಂದರ ಹಿಂದೊಂದು ನಡೆದು, ಒಂದು ಬಾಗಿಲಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಂದವು. ಆಮೇಲೆ ನೆನಪಾಯಿತು, ನಾನು ಬಂದಿದ್ದು ಆನೆ ನೋಡಲು ಅಲ್ಲ. ಪಕ್ಕಕ್ಕೆ ತಿರುಗಿ ಹುಡುಗನನ್ನು ನೋಡಿದರೆ ಮುಖ ಹಸಿರು. ಕಣ್ಣು ಉಜ್ಜಿಕೊಂಡು ನೋಡುವಷ್ಟರಲ್ಲಿ ನೇರಳೆ. ಇನ್ನೊಮ್ಮೆ ನೋಡಿದರೆ ಕುಂಕುಮದಂತೆ ಕೆಂಪು. ಅಂಗಿ ಯಾವ ಬಣ್ಣದ್ದು ಎಂದೇ ತಿಳಿಯಲಿಲ್ಲ, ಇನ್ನು ಮನುಷ್ಯ ಎಂಥವನು ಎಂದು ಹೇಗೆ ತಿಳಿಯಬೇಕು? ದೀಪದ ಬೆಳಕಿನಲ್ಲಿ ಸೀರೆ ಕೊಳ್ಳಬೇಡ, ಸಂಬಂಧ ನೋಡಬೇಡ ಎನ್ನುತ್ತಿದ್ದಳು ನಮ್ಮವ್ವ. ಅವಳ ಕಾಲದಲ್ಲಿ ದೀಪಕ್ಕೆ ಇದ್ದದ್ದು ಒಂದೇ ಬಣ್ಣ.

ಅವನೂ ಮೊಮ್ಮಗಳೂ ಜನರಿಂದ ತುಸು ಸರಿದು ಮಾತಾಡುತ್ತ ನಿಂತರು. ನಾನು ಕಿವಿ ಕೊಟ್ಟೆ. ಧ್ವನಿವರ್ಧಕದಲ್ಲಿ ರಾಜರ ಕಥೆ ಹೇಳುವವನ ಗಂಟಲಿನ ಮುಂದೆ ಒಂದಕ್ಷರವೂ ಕೇಳಿಸಲಿಲ್ಲ. ಇದೂ ಬೇಕೆಂದೇ ಮಾಡಿದ ಏರ್ಪಾಡು ಎನಿಸಿತು.

ಮನೆಗೆ ಬಂದು ಮಗ, "ಹೆಂಗನಿಸ್ತವ್ವಾ?" ಎಂದ.

"ಯಾವ ಬಣ್ಣದವನ್ನ ಕೇಳ್ತಿ? ಹಸರಾದವನೋ ಕೆಂಪಾದವನೋ? ನಾಳೆ ಹಗಲೊತ್ತಿನಾಗ ನೋಡದೆ ನಾ ಹೂಂ ಅನ್ನಲ್ಲ."

ನಾನು ಹೂಂ ಎನ್ನದೆ ನಮ್ಮ ಮನೆಯಲ್ಲಿ ಮದುವೆಯ ಹಸೆ ಹಾಕುವುದಿಲ್ಲ. ಅದಕ್ಕೆ ಮರುದಿನ ಕಮಲಾಪುರದಲ್ಲಿ ಸೇರುವುದೆಂದಾಯಿತು. ಅಲ್ಲಿ ಒಂದು ಹಾಲ್‌ನಲ್ಲಿ ಪೂರ್ವದ ದೇಶಗಳ ಹಳೆಯ ಕಾಲದ ಸಾಮಾನುಗಳನ್ನು ತಂದು ಪ್ರದರ್ಶನಕ್ಕೆ ಇಟ್ಟಿದ್ದರು. ಮೊಮ್ಮಗಳಿಗೆ ಅದನ್ನು ನೋಡುವ ಆಸೆ. ನನಗೆ ಅಲ್ಲಿನ ಟ್ಯೂಬ್‌ಲೈಟೇ ಸಾಕಿತ್ತು.

ಗಾಜಿನ ಪೆಟ್ಟಿಗೆಗಳಲ್ಲಿ ಕುದುರೆಯ ಜೀನು, ಕತ್ತಿ, ಚೀನಾದ ನೀಲಿ ಹೂವಿನ ಬೋಗುಣಿ. ನಮ್ಮ ಗುಡ್ಡಗಳೇ ಅದಿರಾಗಿ ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿದ್ದ ದಿನಗಳು ಅವು. ಗುಡ್ಡ ಒಯ್ದು ಬೋಗುಣಿ ತೋರಿಸುತ್ತಾರಲ್ಲ ಎನಿಸಿತು.

"ಇವು ಅಸಲಿ ಅಲ್ಲಜ್ಜಿ. ನಕಲು ಅಂತ ಬರ್ದಾರ ನೋಡು," ಎಂದು ಮೊಮ್ಮಗಳು ಚೀಟಿ ತೋರಿಸಿದಳು.

"ಇವ್ರು ಪುಣ್ಯವಂತ್ರು, ಬರ್ದಾದ್ರೂ ಹಾಕ್ಯಾರ. ವರನ ಕೊರಳಿಗೆ ಯಾರು ಬೋರ್ಡು ಹಾಕ್ತಾರವ್ವ?"

ಹುಡುಗ ಹಿಂದೆಯೇ ಇದ್ದ. ಕೇಳಿಸಿಕೊಂಡು ನಕ್ಕ. ಮೆಳ್ಳಗಣ್ಣು ಇರಲಿಲ್ಲ, ಹಲ್ಲೂ ನೆಟ್ಟಗಿದ್ದವು. ಆದರೆ ಆ ಅಂಗಿ! ರಾತ್ರಿ ನಾನಾ ಬಣ್ಣ ತಾಳಿದ ಅಂಗಿ ಈಗ ಮಲ್ಲಿಗೆಯಂತೆ ಬೆಳ್ಳಗಿತ್ತು. ಸಂಡೂರಿನವರ ಬಿಳಿ ಅಂಗಿ ನನಗೆ ಗೊತ್ತು. ಎಷ್ಟು ಒಗೆದರೂ ಕೊರಳಪಟ್ಟಿಯಲ್ಲಿ ಒಂದು ಕೆಂಪು ಛಾಯೆ ಉಳಿದೇ ಉಳಿಯುತ್ತದೆ. ಹಿಮ್ಮಡಿಯ ಬಿರುಕಿನಲ್ಲಿ, ಕಿವಿಯ ಸುಳಿಯಲ್ಲಿ ಆ ಧೂಳು ಮನೆ ಮಾಡಿರುತ್ತದೆ. ಇವನ ಕಿವಿ ನೋಡಿದೆ, ಶುಭ್ರ. ಕೆಲಸವಿಲ್ಲದ ಸೋಮಾರಿಯನ್ನು ತಂದು ನಮ್ಮ ಹುಡುಗಿಗೆ ಕಟ್ಟುತ್ತಿದ್ದಾರೆ ಎಂದುಕೊಂಡೆ.

ಕತ್ತಿ, ಕುದುರೆ ಬಿಟ್ಟು ಅವನು ಒಂದು ಮಣ್ಣಿನ ಬೊಂಬೆಯ ಮುಂದೆ ಮೊಣಕಾಲೂರಿ ಕೂತುಬಿಟ್ಟ. ಕಾಲಿನಿಂದ ತುಳಿದು ಒನಕೆ ಎತ್ತಿ ಭತ್ತ ಕುಟ್ಟುವ ಇಬ್ಬರು ಚೀನಾದ ಆಳುಗಳ ಪುಟ್ಟ ಬೊಂಬೆ ಅದು. ಸಣ್ಣ ಹುಡುಗರು ಮಿಠಾಯಿ ನೋಡುವ ಹಾಗೆ ನೋಡುತ್ತಿದ್ದ. ಗಣಿಯವನಿಗೆ ಒನಕೆಯ ಹುಚ್ಚು ಯಾಕೆ? ನಾನು ಹತ್ತಿರ ಹೋಗಿ ಬಗ್ಗಿದೆ. ಬುಕ್ಕಸಾಗರದ ಭತ್ತದ ಗದ್ದೆಯಲ್ಲಿ ಹುಟ್ಟಿ ಬೆಳೆದ ಮೂಗು ನನ್ನದು. ಅವನ ತಲೆಗೂದಲಿನಿಂದ ತೌಡಿನ ವಾಸನೆ ಬಂತು.

"ಈ ಅಂಗಿ ಹೊಸಾದೇನಪ್ಪ?"

"ಇಲ್ರೀ ಅಜ್ಜಿ, ಹೋದ ವರ್ಷದ್ದು."

"ಸಂಡೂರಾಗ ಒಂದು ವರ್ಷ ಬೆಳ್ಳಗ ಉಳಿದ ಅಂಗಿ ನಾ ಎಲ್ಲೂ ಕಂಡಿಲ್ಲ. ನಿಜ ಹೇಳು, ಎಲ್ಲಿ ಕೆಲಸ?"

"ಮೈನ್ಸಿನಾಗರೀ ಯಕ್ಕ," ಎಂದು ಅವನ ತಾಯಿ ನಡುವೆ ಬಾಯಿ ಹಾಕಿದಳು. ಹುಡುಗ ಮೊದಲು ತಾಯಿಯ ಕಡೆ ನೋಡಿದ, ಆಮೇಲೆ ನನ್ನ ಮೊಮ್ಮಗಳ ಕಡೆ. ಎದ್ದು ನಿಂತ.

"ಸುಳ್ಳು ಬ್ಯಾಡಬೇ. ಅಜ್ಜಿ, ಸಂಡೂರಾಗಿರೋದು ನಮ್ಮ ಮಾವ. ನಾ ಕಂಪ್ಲಿಯವ. ರೈಸ್‌ಮಿಲ್ನಾಗ ಮಶೀನು ನೋಡ್ಕೊಂತೀನಿ."

ತಾಯಿ ಅಲ್ಲಿದ್ದ ಬೆಂಚಿನ ಮೇಲೆ ಕೂತಳು. "ಏನು ಮಾಡ್ಲಿರೀ ಯಕ್ಕ? ಮಿಲ್ಲು ಅಂದ ಕೂಡ್ಲೆ ಮಂದಿ ಫೋನ್ ಇಟ್ಟುಬಿಡ್ತಾರ. ದಲ್ಲಾಳಿನೇ ಹೇಳ್ದ, ಸಂಡೂರಂತ ಹೇಳ್ರಿ, ಆಮ್ಯಾಲ ನೋಡೋಣಂತ."

ಮಗನಿಗೆ ಸಿಟ್ಟು ಬಂತು. "ನಡೀರಿ ಹೋಗೋಣ. ಮೊದ್ಲ ಹೆಜ್ಜಿನೇ ಸುಳ್ಳು!"

ಮೊಮ್ಮಗಳು ಕದಲಲಿಲ್ಲ. "ಅಪ್ಪಾಜಿ, ಇವ್ರು ನಿನ್ನೆ ಅಲ್ಲೇ ನನಗ ಎಲ್ಲಾ ಹೇಳ್ಯಾರ. ಹಂಪಿಗೆ ಬರ್ರಿ ಅಂತ ದಲ್ಲಾಳಿ ಕಡಿಂದ ಹೇಳಿಸಿದ್ದೂ ನಾನ. ಚಾಪಿ ಮ್ಯಾಲ ತಲಿ ಬಗ್ಗಿಸಿ ಕುಂತ್ರ ನನಗೇನು ಗೊತ್ತಾಗ್ತೈತಿ? ಅವರವ್ವನ ಮುಂದನೂ ಇವ್ರು ಬಾಯಿ ಬಿಡ್ತಾರೋ ಇಲ್ಲೋ ಅಂತ ನೋಡ್ಬೇಕಿತ್ತು. ಬಿಟ್ರು."

ನಾನು ಇಷ್ಟು ದಿನ ಗಂಡಿನವರ ಹೂಟ ಎಂದುಕೊಂಡದ್ದು ನಮ್ಮ ಮನೆಯದೇ ಹೂಟ! ಮಗ ಮಾತ್ರ, "ಆದ್ರೂ ಮಿಲ್ಲಾ..." ಎಂದು ಗೊಣಗಿದ.

"ಯಾಕಲೇ? ಅದಿರು ಕುದಿಸಿ ಉಣ್ತೀಯೇನು?" ಎಂದೆ. ಕಾವಲಿನವ ಸದ್ದು ಮಾಡಬೇಡಿರಿ ಎಂದು ಬೈದು ನಮ್ಮೆಲ್ಲರನ್ನೂ ಹೊರಗೆ ಕಳಿಸಿದ.

ಅಷ್ಟಾದರೂ ನಾನು ಹೂಂ ಎನ್ನಲಿಲ್ಲ. ಒಂದು ಸುಳ್ಳು ಸಿಕ್ಕ ಗೋಣಿಯಲ್ಲಿ ಇನ್ನೊಂದು ಇಲ್ಲ ಎಂದು ಯಾರು ಹೇಳಬೇಕು? ವಾರದೊಳಗೆ, ಯಾರಿಗೂ ಹೇಳದೆ, ಕಂಪ್ಲಿಯ ಬಸ್ಸು ಹತ್ತಿದೆ. ಮಿಲ್ಲಿನ ಬಾಗಿಲಲ್ಲಿ ನಿಂತರೆ, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ ಮಾಡಿಕೊಂಡು ಅವನೇ ಎದುರು ಬಂದ.

"ಬರ್ರಿ ಅಜ್ಜಿ, ಕುಂದ್ರಿ. ನಿನ್ನೇನ ಬರ್ತೀರಂತ ಅನ್ಕೊಂಡಿದ್ದೆ. ನಮ್ಮಜ್ಜಿ ಬಂದೇ ಬರ್ತಾಳಂತ ಟೀಚರ್ ಹೇಳಿದ್ರು."

ಅಂದರೆ ಇದೂ ಮುಂಚೆಯೇ ಸಜ್ಜಾದ ಪ್ರದರ್ಶನವೋ ಏನೋ! ಅವನು ಕೊಟ್ಟ ಚಹಾ ಮುಟ್ಟದೆ ಹಿತ್ತಲಿಗೆ ಹೋದೆ. ಅಲ್ಲಿ ಒಬ್ಬಾಕೆ ಹೊಟ್ಟು ಗುಡಿಸುತ್ತಿದ್ದಳು. ನಾನು ಯಾರೆಂದು ಹೇಳದೆ, ಆ ಹುಡುಗ ಹೆಂಗ ಎಂದು ಕೇಳಿದೆ.

"ಅಂವ ಏನು ಬಿಡವ್ವ, ಬರೇ ಕಿರಿಕಿರಿ," ಎಂದಳು. "ಮಶೀನು ಹತ್ರ ಸೆರಗು ಹಾರಿಸ್ಕೊಂಡು ಬರಬ್ಯಾಡ, ಸೊಂಟಕ್ಕ ಸಿಗಸ್ಕೋ ಅಂತ ದಿನಾ ಒದರ್ತಾನ. ನಮ್ಮ ಗಂಡಂದ್ರೂ ಹಂಗ ಒದರಲ್ಲ."

ಹೊಗಳಿದ್ದರೆ ನಾನು ನಂಬುತ್ತಿರಲಿಲ್ಲ. ಅವಳು ಬೈದಳು, ನಂಬಿದೆ.

ಮಿಲ್ಲಿನ ಎದುರಿನ ಕಿರಾಣಿ ಅಂಗಡಿಯ ಫೋನಿನಿಂದ ಮೊಮ್ಮಗಳ ಮೊಬೈಲಿಗೆ ಹಚ್ಚಿದೆ. ಕಂಪ್ಲಿಯಿಂದ ಮಾಡೀನಿ ಎಂದು ಶುರು ಮಾಡಿ, ಬಸ್ಸು, ಮಿಲ್ಲು, ಹೊಟ್ಟು ಗುಡಿಸುವಾಕೆ ಎಂದು ಒಂದೊಂದಾಗಿ ಹೇಳತೊಡಗಿದೆ.

"ಅಜ್ಜೀ, ಹೂಂ ಅನ್ನು ಇಲ್ಲಾ ಊಹೂಂ ಅನ್ನು ಜಲ್ದಿ. ಮಕ್ಕಳು ಗದ್ದಲ ಮಾಡಾಕ್ಹತ್ಯಾವ," ಎಂದಳು.

"ಹೂಂ!" ಎಂದು ನಾನು ಕೂಗಿದ್ದಕ್ಕೆ ಅಂಗಡಿಯವನು ಬೇಳೆ ತೂಗುವುದನ್ನು ಬಿಟ್ಟು, ಯಾರಿಗೆ ಏನಾಯಿತೋ ಎಂದು ಓಡಿ ಬಂದ. ಅವನಿಗೂ ಎಲ್ಲವನ್ನೂ ಮೊದಲಿನಿಂದ ಹೇಳಿದೆ.